ಎಡಿಗಿಂತ ಮೊದಲ ಉಬ್ಬಿದ ದವಡಿ

"ಬಾಯಿ ತೆಗಿ ಅಂದೆ!"

ಸೀಗಿ ಹುಣ್ಣಿವಿ ದಿನ. ಹೊಲಕ್ಕ ಒಯ್ಯೂ ಬುಟ್ಟಿ ಇನ್ನೂ ತುಂಬಿದ್ದಿಲ್ಲ, ಭೂಮಿತಾಯಿಗೆ ಎಡಿ ಹಿಡದಿದ್ದಿಲ್ಲ. ಬಂದ ಮಂದಿ ಎದುರಿಗೇ ಮಲ್ಲಕ್ಕ ಸೊಸಿ ಅರುಣಾನ ಗಲ್ಲ ಹಿಡದು ಬಾಯಾಗ ಬೆರಳ ಹಾಕಿದಳು. ಮಲ್ಲಕ್ಕ ಅಂದ್ರ ಸಾಮಾನ್ಯದಾಕಿ ಅಲ್ಲರಿ. ಗುಡಗೇರಿ ಸ್ಟೇಷನ್ನಿನಾಗ ರೈಲರೆ ನಿಂತೀತು, ಆಕಿ ಬಾಯಿ ನಿಲ್ಲಂಗಿಲ್ಲ.

ಆಗಿದ್ದಿಷ್ಟ. ಒಲಿ ಮ್ಯಾಲೆ ಪುಂಡಿಪಲ್ಯ ಕುದಿಯಾಕತ್ತಿತ್ತು. ಆ ಹುಳಿ ವಾಸನಿ ಮೂಗಿಗೆ ಬಡದ ಕೂಡ್ಲೆ ಅರುಣಾನ ದವಡಿ ಕೆಳಗ ಬದನಿಕಾಯಿ ಇಟ್ಟಂಗ ಉಬ್ಬಿ ಬಂತು. ಭಾಳ ದಿನದಿಂದ ಹಿಂಗ... ಅಡಗಿ ವಾಸನಿ ಬಂದ್ರ ಉಬ್ಬೂದು, ಸ್ವಲ್ಪ ಹೊತ್ತಿಗೆ ತಾನ ಇಳಿಯೂದು. ಮಂಗನಬಾವು ಅಂತ ಕೆಮ್ಮಣ್ಣ ಬಡಕೊಂಡ್ರೂ ಹೋಗಿದ್ದಿಲ್ಲ. ಆದ್ರ ಅವತ್ತ ಮಲ್ಲಕ್ಕನ ಕಣ್ಣಿಗೆ ಬ್ಯಾರೇನ ಕಂಡಿತು. ದೇವ್ರ ಎಡಿಗಿಂತ ಮೊದಲ ಈಕಿ ಹೋಳಿಗಿ ಕದ್ದು ಗಲ್ಲದಾಗ ಒತ್ತಿಕೊಂಡಾಳ!

ಬಾಯಾಗ ಏನೂ ಸಿಗಲಿಲ್ಲ. "ನುಂಗಿಬಿಟ್ಲು ನೋಡ್ರಿ," ಅಂದಳು ಮಲ್ಲಕ್ಕ.

ಅರುಣಾ ಗಂಡನ ಕಡೆ ತಿರುಗಿದಳು. "ನೀವರೆ ಹೇಳ್ರಿ... ನಾ ಎಡಿ ಮುಟ್ಟೂ ಹೆಣ್ಮಗಳೇನ್ರಿ?"

ಮಾಂತೇಶ ಅಂದ್ರ ಬೆದರಿದ ಎತ್ತಿನ ಕೊಂಬ ಹಿಡದು ನಿಲ್ಲಸೂ ಗಂಡಸು. ಅವ್ವನ ಎದುರಿಗೆ ಮಾತ್ರ ತೊಯ್ದ ಬೆಕ್ಕು. ತಲಿ ಎತ್ತಲಾರದ, ಬುಟ್ಟಿ ಕಟ್ಟೂ ಅರಿವಿ ಮಡಚಕೋತ ಕುಂತ.

ಅವತ್ತಿಂದ ಅರುಣಾಗ ಒಲಿ ಬಂದ್ ಆತು. ಎಲ್ಲಾರೂ ಉಂಡ ಮ್ಯಾಲೆ ಅತ್ತಿ ಹಾಕಿದ್ದಷ್ಟ ಉಣಬೇಕು. ನೀರಿಗೆ ಹೋದ್ರ ಓಣಿ ಹೆಂಗಸರು ಎಡಿ ಉಂಡಾಕಿ ಬಂದಳು ಅಂತ ನಗೂದು. ತುತ್ತ ಬಾಯಿಗಿಟ್ರ ದವಡಿ ಸಿಡೀತಿತ್ತು. ಬರೇ ಮಜ್ಜಿಗಿ ಕುಡದು ಹಗ್ಗದ ಮ್ಯಾಲಿನ ಸೀರಿಯಂಗಾದಳು, ಗಾಳಿ ಬಿಟ್ರ ಹಾರಿ ಹೋಗಬೇಕು!

ಕಡೀಕ ಜ್ವರಾ ಏರಿ ನಾಲಿಗಿ ಕೆಳಗಿಂದ ಕೀವು ಬಂತು. ಬಾಜು ಮನಿ ರೂಬಿನಾ ಬಂದು, ನಿನ್ನ ಹೇಣ್ತಿ ಸತ್ತ ಮ್ಯಾಲೆ ದವಾಖಾನಿಗೆ ಕರಕೊಂಡ ಹೋಗ್ತೀಯೇನೋ ಅಂತ ಮಾಂತೇಶಗ ಉಗಿದಳು, ಆವಾಗ ಅವ ಆಕಿನ್ನ ಕರಕೊಂಡು ಹುಬ್ಬಳ್ಳಿ ದಾರಿ ಹಿಡದ. ಅಲ್ಲಿ ಡಾಕ್ಟರು ನಾಲಿಗಿ ಕೆಳಗ ಕೊಯ್ದು, ಜ್ವಾಳದ ಕಾಳಿನಂಥಾ ಒಂದ ಕಲ್ಲ ತಗದು ಅಂಗೈಯಾಗ ಇಟ್ರು. ಜೊಲ್ಲು ಬರೂ ದಾರಿಗೆ ಇದು ಅಡ್ಡ ಕುಂತಿತ್ತು, ಹುಳಿ ವಾಸನಿಗೆ ಬಂದ ಜೊಲ್ಲು ಹೊರಗ ಬರಲಾರದ ಒಳಗ ಉಬ್ಬತಿತ್ತು, ಅಂತ ತಿಳಿಸಿ ಹೇಳಿದ್ರು.

ಮಾಂತೇಶ ಆ ಕಲ್ಲ ತಂದು ಅವ್ವಗ ತೋರಿಸಿದ. ಮಲ್ಲಕ್ಕ ಕಣ್ಣ ಸಣ್ಣ ಮಾಡಿ ನೋಡಿದಳು. "ಎಡಿ ಉಂಡ ಬಾಯಾಗ ದೇವ್ರ ಕಲ್ಲ ಹಾಕ್ಯಾನ, ಮತ್ತೇನು."

ಮಾಂತೇಶ ಕಲ್ಲ ಕಿಸೆದಾಗ ಹಾಕ್ಕೊಂಡು ಎತ್ತಿಗೆ ಮೇವು ಹಾಕಾಕ ಹೋದ.

ಎಳ್ಳಮಾಸಿ ಬಂತು. ಮಲ್ಲಕ್ಕಗ ರಟ್ಟಿ ಹಿಡಕೊಂಡು ರೊಟ್ಟಿ ಬಡಿಯಾಕ ಬರಲಾರದಂಗಾತು. ಆವಾಗ ಸೊಸಿನ್ನ ಒಲಿ ಮುಂದ ಕರದಳು. ತಪ್ಪಾತು ಅನ್ನಲಿಲ್ಲ. ಅರುಣಾ ಬಾಯಿಗೆ ಅರಿವಿ ಕಟಗೊಂಡು ಎಲ್ಲಾ ಅಡಗಿ ಮಾಡಿದಳು. ಹೊಲದಾಗ ಎಡಿ ಹಿಡದು, ಬೆಳಿ ತುಂಬ ಎಡಿ ಅಡಗಿ ತೂರಿ ಚರಗ ಚೆಲ್ಲಿ, ಮಂದಿ ಊಟಕ್ಕ ಕುಂತಿತು. ಆವಾಗ ಮಾಂತೇಶಗ ಬಾಯಿ ಬಂತು ನೋಡ್ರಿ.

"ಅರುಣಾ, ಇವತ್ತ ಎಲ್ಲಾರಕಿಂತ ಮೊದಲ ನೀ ಉಣ್ಣು. ನೀ ಕದ್ದಾಕಿ ಅಲ್ಲ. ಎಲ್ಲಾರೂ ಕೇಳ್ರಿ."

ಅರುಣಾ ಮೊದಲನೇ ರೊಟ್ಟಿ ಅವನ ತಾಟಿಗೆ ಹಾಕಿದಳು. "ಈ ಮಾತ ಸೀಗಿ ಹುಣ್ಣಿವಿಗೆ ಅಂದಿದ್ರ ಉಣ್ತಿದ್ದೆರಿ... ಈಗ ನೀವ ಉಣ್ರಿ."

ಎಲ್ಲಾರದೂ ಆದ ಮ್ಯಾಲೆ ತನ್ನ ತಾಟ ತಗೊಂಡು ಚಕ್ಕಡಿ ಹಿಂದ, ಮಂದಿಗೆ ಬೆನ್ನ ಮಾಡಿ ಕುಂತಳು. ಪುಂಡಿಪಲ್ಯ ಬಾಯಿಗಿಟ್ಟಳು. ದವಡಿ ಉಬ್ಬಲಿಲ್ಲ. ಆದ್ರೂ ಎಡಗೈಲೆ ಗಲ್ಲ ಮುಚ್ಚಿಕೊಂಡ ಉಂಡಳು.