ಗಾಳಿಗೆ ಅಡ್ಡ ನಿಂತವನು

"ದಾರಿ ಬಿಡ್ರಿ. ನಾ ಮುಂದ ಹೋಗಬೇಕು."

ಹುಳಿಮಾವು ದಾಟುವಾಗ ರಾಜಶ್ರೀ ಆ ಬೆನ್ನಿಗೆ ಹೇಳಿದ ಮೊದಲ ಮಾತು ಅದು. ಸೈಕಲ್ ಕ್ಲಬ್ಬಿನಲ್ಲಿ ಅವಳಿಗೆ ಅಂದು ಮೊದಲ ಭಾನುವಾರ. ಎಲ್ಲಿಂದಲೋ ಬಂದ ಒಬ್ಬ ತನ್ನ ಸೈಕಲ್ಲನ್ನು ನೇರ ಅವಳ ಮುಂದೆಯೇ ತಂದಿದ್ದ.

"ಎದುರುಗಾಳಿ ಜೋರಾಗಿದೆ ಮೇಡಂ. ನನ್ ಹಿಂದೇನೇ ಬನ್ನಿ, ಸುಸ್ತಾಗಲ್ಲ," ಎಂದ ಅವನು, ತಿರುಗಿಯೂ ನೋಡದೆ.

ಎಷ್ಟು ಕೊಬ್ಬು ಇವನಿಗೆ!

ಆದರೆ ಅವನು ಹೇಳಿದ್ದು ನಿಜ. ಮುಂದಿನವನು ಗಾಳಿ ಸೀಳಿಕೊಂಡು ಹೋದರೆ ಹಿಂದಿನವರ ಕಾಲಿಗೆ ಎಷ್ಟೋ ಕೆಲಸ ಕಡಿಮೆ. ಅವನ ಹೆಸರು ಚೈತನ್ಯ. ಆಮೇಲಿನ ಪ್ರತಿ ಭಾನುವಾರವೂ ಅವನು ಅವಳ ಮುಂದೆಯೇ ಇದ್ದ. ಗುಂಡಿ ಬಂದರೆ ಕೈ ತೋರಿಸುತ್ತಿದ್ದ, ಮಾತು ಮಾತ್ರ ಆಡುತ್ತಿರಲಿಲ್ಲ. ಬೆವರಿದ ಆ ಬೆನ್ನನ್ನು ನೋಡುತ್ತ ನೋಡುತ್ತ ನಮ್ಮ ಹುಡುಗಿ ಮನಸ್ಸು ಕಳೆದುಕೊಂಡಳು. ಬೆನ್ನಿಗೆ ಯಾರಾದರೂ ಮರುಳಾಗುತ್ತಾರೆಯೇ? ಆಗುತ್ತಾರೆ, ಏನು ಮಾಡುವುದು...

ರಾಜ್ಯ ಮಟ್ಟದ ರೇಸಿಗೆ ಕ್ಲಬ್ಬಿನ ತಂಡ ಪ್ರಕಟವಾಯಿತು. ರಾಜಶ್ರೀಯ ಹೆಸರಿರಲಿಲ್ಲ.

ಈ ರೇಸಿಗೆಂದೇ ಅವಳು ವಿಜಯಪುರ ಬಿಟ್ಟು ಬಿಟಿಎಂನ ಪಿಜಿ ಸೇರಿದ್ದಳು. ಈ ವರ್ಷ ಆಯ್ಕೆಯಾಗದಿದ್ದರೆ ಸೈಕಲ್ ಮಾರಿ ಊರಿಗೆ ಬರುತ್ತೇನೆಂದು ಮನೆಯಲ್ಲಿ ಮಾತು ಕೊಟ್ಟಿದ್ದಳು.

ಕೋಚ್ ತಿರುಮಲೇಶ್ ನಂಬುತ್ತಿದ್ದುದು ಒಂದನ್ನೇ: ತುಳಿಯುವ ಬಲವನ್ನು ಅಳೆಯುವ ಪೆಡಲಿನ ಮೀಟರ್. ಭಾನುವಾರಗಳ ಸರಾಸರಿಯನ್ನು ಅವಳ ಮುಂದೆ ಹಿಡಿದರು. "ನೂರ ನಲವತ್ತು ವ್ಯಾಟ್ ದಾಟ್ತಾನೇ ಇಲ್ಲಮ್ಮ. ಹೇಗ್ ಕರ್ಕೊಂಡ್ ಹೋಗ್ಲಿ?"

ಒಬ್ಬಳೇ ತುಳಿದಾಗ ಇನ್ನೂರು ಬರುತ್ತಿತ್ತಲ್ಲ! ಯೋಚಿಸಿದಷ್ಟೂ ಅವಳ ಮೈ ಉರಿಯಿತು. ಕಾಣೆಯಾದ ಬಲವೆಲ್ಲ ಆ ಬೆನ್ನಿನ ಮರೆಯಲ್ಲೇ ಕರಗಿಹೋಗಿತ್ತು.

ಮಡಿವಾಳ ಕೆರೆಯ ಹತ್ತಿರ ಚೈತನ್ಯನನ್ನು ತಡೆದು ನಿಲ್ಲಿಸಿದಳು.

"ನಾ ಕೈಲಾಗದಾಕಿ ಅಂತ ತಿಳಿದ್ರೇನ್ರಿ? ಯಾರ್ ಕೇಳಿದ್ರು ನಿಮ್ಮ ಉಪಕಾರ?"

ಅವನು ತಡವರಿಸಿದ. "ಶಕ್ತಿ ಉಳಿಸ್ಕೊಂಡೋರೇ ರೇಸ್ ಗೆಲ್ಲೋದು. ಕೊನೇ ಸ್ಪ್ರಿಂಟ್‌ಗೆ ನಿಮ್ ಕಾಲಲ್ಲಿ ದಮ್ ಇರ್ಲಿ ಅಂತ..."

"ರೇಸಿಗೇ ಹೋಗಲಿಲ್ಲಂದ್ರ ಸ್ಪ್ರಿಂಟ್ ಎಲ್ಲೀದ್ರಿ?"

ಅವಳು ಅವನ ಫೋನ್ ನಂಬರ್ ಬ್ಲಾಕ್ ಮಾಡಿದಳು. ಮಾಡಿ, ಪಿಜಿಯಲ್ಲಿ ದಿಂಬಿಗೆ ಮುಖ ಒತ್ತಿ ಅತ್ತಳು. ಸಿಟ್ಟು ಅವನ ಮೇಲೋ, ಇಷ್ಟಾದರೂ ಅವನನ್ನೇ ನೆನೆಯುವ ತನ್ನ ಮೇಲೋ?

ಆ ವಾರವಿಡೀ ಚೈತನ್ಯ ತಿರುಮಲೇಶರ ಬೆನ್ನು ಬಿಡಲಿಲ್ಲ. ಅವಳ ವ್ಯಾಟ್ ಇಳಿದದ್ದು ತನ್ನಿಂದ ಎಂದು ಹೇಳುತ್ತಲೇ ಇದ್ದ; ಕೊನೆಗೆ ಅವರು ಬೇಸತ್ತು ಒಂದು ಅವಕಾಶ ಕೊಟ್ಟರು. ಬನ್ನೇರುಘಟ್ಟದವರೆಗೆ ಅವಳು ಎಲ್ಲರಿಗಿಂತ ಮುಂದೆ ತುಳಿಯಬೇಕು. ಕೋಚ್ ಬಾಯಿಂದಲೇ ಇದನ್ನು ಕೇಳಿದ ರಾಜಶ್ರೀ ಮುಖ ಗಂಟು ಹಾಕಿಕೊಂಡೇ ಬಂದಳು.

ಗಾಳಿ ಮುಖಕ್ಕೆ ಬಡಿಯಿತು. ತೊಡೆ ಉರಿಯಿತು. ಇಷ್ಟು ಭಾನುವಾರ ಇದನ್ನೆಲ್ಲ ಅವನೊಬ್ಬನೇ ನುಂಗಿದ್ದನೇ?

ಏರಿನಲ್ಲಿ ಅವಳು ಏದುಸಿರು ಬಿಡುತ್ತಿದ್ದಂತೆ ಚೈತನ್ಯ ಅಭ್ಯಾಸಬಲದಿಂದ ಮುಂದೆ ಬರಹೊರಟ. ಅವಳು ಕಣ್ಣು ಕೆಂಪಗೆ ಮಾಡಿ ನೋಡಿದಳು. ಅವನು ತೆಪ್ಪಗೆ ಬ್ರೇಕ್ ಒತ್ತಿದ.

ಮೀಟರ್ ಇನ್ನೂರು ದಾಟಿತ್ತು. ತಿರುಮಲೇಶ್ ಹಿಗ್ಗಿದರು. ತಂಡದಲ್ಲಿ ಜಾಗ ಕೊಟ್ಟರು, ಕೆಲಸವನ್ನೂ ಹೇಳಿದರು: ರೇಸಿನುದ್ದಕ್ಕೂ ತಂಡದ ನಾಯಕಿಯ ಮುಂದಿದ್ದು ಗಾಳಿ ತಡೆಯುವುದು.

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

ಚೈತನ್ಯ ನೀರಿನ ಬಾಟಲಿ ಹಿಡಿದು ಬಂದ. "ತಪ್ಪಾಯ್ತು. ಇಷ್ಟ ಅಂತ ಹೇಳೋಕೆ ಬರಲಿಲ್ಲ ನಂಗೆ. ಗಾಳಿ ತಡೆಯೋಕೆ ಬರ್ತಿತ್ತು, ಅದನ್ನೇ ಮಾಡ್ದೆ."

ಅವಳು ನೀರು ಕುಡಿದಳು. ಕಣ್ಣು ತುಂಬಿದ್ದು ಕಾಣದಿರಲೆಂದು ಮುಖಕ್ಕೂ ಚಿಮುಕಿಸಿಕೊಂಡಳು.

"ವಾಪಸ್ ಹೋಗೋವಾಗ... ನಾನು ಮುಂದೆ ಹೋಗ್ಲಾ?"

"ಬ್ಯಾಡ."

"ಹಿಂದೆ ಬರ್ಲಾ?"

"ಅದೂ ಬ್ಯಾಡ." ಅವಳು ಸೈಕಲ್ ಹತ್ತಿ, ರಸ್ತೆಯಲ್ಲಿ ಅವನಿಗಿಷ್ಟು ಜಾಗ ಬಿಟ್ಟು ಸರಿದು ನಿಂತಳು.

"ಬಾಜೂಕ ಬಾ."