ಕಚ್ಚಿ ಬಿಡುವ ಸರ

ಬಹಳ ಹಿಂದೆ, ಪ್ರಾಣಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಸುಳಿನಾಡು ಎಂಬ ರಾಜ್ಯವಿತ್ತು. ಅಲ್ಲಿನ ರಾಜನಿಗೆ ಶೌರ್ಯ ಬಹಳ. ಸವೆಯದಂತೆ ಅದನ್ನು ಜೋಪಾನವಾಗಿಟ್ಟಿದ್ದ. ಜಟಂಗನೆಂಬ ಮಾಂತ್ರಿಕ ಹೊಳೆಯ ನಡುಗಡ್ಡೆಯನ್ನು ವಶಪಡಿಸಿಕೊಂಡಾಗ ಆಸ್ಥಾನ ಅದನ್ನು ಕಟುವಾಗಿ ಖಂಡಿಸಿ ಊಟಕ್ಕೆ ಎದ್ದಿತು.

ಜಟಂಗ ಅಂಬಿಗ ಕೇತನನ್ನು ಹಿಡಿದು, ನೂರು ಮಣಿಸರ ಸುತ್ತಿ, ಮಾತೂ ಹೊರಡದಂತೆ ಕಂಬಕ್ಕೆ ಬಿಗಿದ. ಕೆಂಪು, ಕಪ್ಪು, ಬಿಳಿ, ಹಳದಿ ಮಣಿಗಳು. ನೂರರಲ್ಲೂ ಒಂದೇ ಕ್ರಮ. ಕತ್ತಿ ತಾಗಿದರೆ ಕತ್ತಿಯೇ ಮುರಿಯುತ್ತಿತ್ತು.

ಕೇತನ ಹೆಂಡತಿ ನೀಲವ್ವೆ ಮಣಿ ಪೋಣಿಸುವವಳು. ಮೂರು ವರ್ಷ ಅವಳು ದಿನವೂ ಎರಡು ತಟ್ಟೆ ಹಾಕಿದಳು, ಎರಡನ್ನೂ ತೊಳೆದಳು. ಉಳಿದ ಹೊತ್ತು ದಡದಲ್ಲಿ ನಿಂತು ಆ ಕಂಬವನ್ನೇ ನೋಡಿದಳು.

ಒಂದು ದಿನ ಬಂಡೆಯ ಮೇಲಿದ್ದ ಮುದಿ ಉಡ ಕೇಳಿತು: "ನೋಡಿದರೆ ಸರ ಹರಿಯುತ್ತದೆಯೇ ಮಗಳೇ?"

"ಕತ್ತಿಗೇ ಹರಿಯಲಿಲ್ಲವಲ್ಲ ಅಜ್ಜಾ."

"ಮಣಿಸರವನ್ನು ಮಣಿಸರವೇ ಕಡಿಯಬೇಕು. ಕೆಂಪಿನ ಎದುರು ಬಿಳಿ ಬಂದರೆ ಅಂಟುತ್ತದೆ, ಕಪ್ಪಿನ ಎದುರು ಹಳದಿ. ಹಾಗೆ ಒಂದು ಸರಕ್ಕೆ ಎರಡು ಬದಿಯಲ್ಲೂ ತೋಳಿನಂತೆ ಮಣಿ ಪೋಣಿಸಿ ನಡುವೆ ಹಲ್ಲುಗಂಟು ಹಾಕು. ತೋಳು ಹಿಡಿದುಕೊಂಡರೆ ಗಂಟು ಕಚ್ಚುತ್ತದೆ. ಆದರೆ ಸೂರ್ಯ ಮುಳುಗುವುದರೊಳಗೆ ನೂರೂ ಹರಿಯಬೇಕು. ಒಂದು ಉಳಿದರೂ ಎಲ್ಲವೂ ಮತ್ತೆ ಕೂಡಿಕೊಳ್ಳುತ್ತವೆ."

ನೀಲವ್ವೆ ಸರ ಪೋಣಿಸಿಕೊಂಡು, ಉಡವನ್ನೂ ಜೊತೆಗೆ ಕರೆದುಕೊಂಡು ನಡುಗಡ್ಡೆಗೆ ಹೋದಳು. ಜಟಂಗ ತಡೆಯಲಿಲ್ಲ. "ಕಟ್ಟು ತಾಯಿ, ಕಟ್ಟು. ನನಗೂ ಹೊತ್ತು ಹೋಗಬೇಕಲ್ಲ," ಎಂದ.

ಕೇತನ ಎದೆಯ ಮೇಲೆ ಹಾದಿದ್ದ ಸರದ ಭಾಗವನ್ನೇ ಆರಿಸಿ ಅವಳು ತನ್ನ ಸರವನ್ನಿಟ್ಟಳು. ಮಣಿಗೆ ಮಣಿ ಕೂತಿತು. ಗಂಟು ಮಾತ್ರ ಕಚ್ಚಲಿಲ್ಲ.

"ಗಂಟು ಎಲ್ಲೆಂದರಲ್ಲಿ ಕಚ್ಚುವುದಿಲ್ಲ," ಎಂದಿತು ಉಡ. "ಬಿಳಿ, ಕೆಂಪು, ಕಪ್ಪು, ಹೀಗೆ ಮೂರು ಸಾಲಾಗಿ ಬಂದ ಕಡೆ ಮಾತ್ರ ಬಾಯಿ ತೆರೆಯುತ್ತದೆ."

"ಮೊದಲೇ ಹೇಳಬಾರದಿತ್ತೇ?"

"ನೀನು ಕೇಳಲಿಲ್ಲ. ಜಟಂಗನ ಶಾಪದಿಂದ ಉಡವಾಗುವ ಮೊದಲು ನಾನು ಇಪ್ಪತ್ತು ವರ್ಷ ಮಂತ್ರಿಯಾಗಿದ್ದೆ."

ಎರಡನೆಯ ದಿನ ಅವಳು ಆ ಮೂರು ಮಣಿಗಳನ್ನು ಕೇತನ ಮೊಣಕೈ ಹತ್ತಿರ ಕಂಡುಹಿಡಿದಳು. ಹಿಡಿತ ಜಾರಬಾರದೆಂದು ಒಂದೊಂದು ತೋಳಿಗೂ ಹದಿನೈದು ಮಣಿ ಪೋಣಿಸಿದಳು. ಒಂದು ಮಣಿಗೆ ಒಂದು ನೆನಪು: ದೋಣಿಯಿಂದಲೇ ಕೂಗಿ ಕರೆಯುವ ಅವನ ದನಿ, ಹೊಸ್ತಿಲ ಮೇಲಿನ ಒದ್ದೆ ಹೆಜ್ಜೆ, ಉಪ್ಪು ಕಡಿಮೆಯಾದರೂ ಸುಮ್ಮನೆ ಉಣ್ಣುವ ಅವನ ಮುಖ.

ಗಂಟು ಕಚ್ಚಿತು! ಒಂದು ಸರ ತುಂಡಾಯಿತು. ಆದರೆ ಅವಳ ಸರ ಆ ತುಂಡುಗಳನ್ನು ಬಿಡಲೇ ಇಲ್ಲ. ಎಳೆದಳು, ಬೇಡಿಕೊಂಡಳು. ಸೂರ್ಯ ಮುಳುಗಿದ, ಹರಿದದ್ದು ಕೂಡಿಕೊಂಡಿತು. "ನೂರರಲ್ಲಿ ಒಂದು. ಪರವಾಗಿಲ್ಲ," ಎಂದ ಜಟಂಗ.

"ಗಟ್ಟಿಯಾಗಿ ಹಿಡಿದದ್ದೂ ತಪ್ಪೇ ಅಜ್ಜಾ?"

"ಹಿಡಿತದ ವಿಷಯ ಉಡಕ್ಕೆ ಹೇಳಬೇಡ. ಬಿಡಲು ಬಾರದ ಹಿಡಿತ ಒಂದೇ ಕೆಲಸಕ್ಕೆ ಮುಗಿಯುತ್ತದೆ. ನಿನ್ನ ಸರ ಕಚ್ಚಬೇಕು, ಬಿಡಬೇಕು, ಮುಂದಿನದಕ್ಕೆ ಹೋಗಬೇಕು. ತೋಳಿಗೆ ಏಳು ಮಣಿ ಸಾಕು."

"ಉಳಿದವು? ಒಂದೊಂದೂ ಅವರದ್ದೇ ನೆನಪು."

"ನೆನಪು ನಿನ್ನಲ್ಲಿರಲಿ. ಸರಕ್ಕೆ ಅದರ ಭಾರ ಬೇಡ."

ನೀಲವ್ವೆ ಒಂದೊಂದೇ ಮಣಿ ಬಿಚ್ಚಿದಳು. ಪ್ರತಿ ಮಣಿಗೂ ಅವನನ್ನು ಇನ್ನೊಮ್ಮೆ ಕಳೆದುಕೊಂಡ ಹಾಗಾಯಿತು. ಒದ್ದೆ ಹೆಜ್ಜೆಯ ಮಣಿಯನ್ನು ಮೂರು ಸಲ ಬಿಚ್ಚಿ ಮೂರು ಸಲ ಪೋಣಿಸಿದಳು; ಕೊನೆಗೆ ಅದನ್ನೂ ಬಿಟ್ಟಳು.

ಮೂರನೆಯ ದಿನ ಸರ ಕೂತಿತು, ಕಚ್ಚಿತು, ಕಳಚಿ ಅವಳ ಅಂಗೈಗೆ ಬಿತ್ತು. ಮತ್ತೊಂದರ ಮೇಲೆ ಕೂತಿತು, ಕಚ್ಚಿತು, ಕಳಚಿತು. ಐವತ್ತಾಗುವಾಗ ಜಟಂಗನ ನಗು ನಿಂತಿತು. ಎಂಬತ್ತಾಗುವಾಗ ಅವನು ಮಂತ್ರ ಮರೆತ. ಹೊತ್ತು ಇಳಿಯುವ ಮುನ್ನ ನೂರನೆಯದು ಹರಿಯಿತು. ಅವನ ಶಕ್ತಿಯೆಲ್ಲ ಆ ಸರಗಳಲ್ಲೇ ಇತ್ತು. ಕೆಮ್ಮುವ ಒಬ್ಬ ಸಾಧಾರಣ ಮುದುಕ ಮರಳಿನಲ್ಲಿ ನಿಂತು, ಊರಿಗೆ ದಾರಿ ಯಾವುದೆಂದು ಕೇಳಿದ.

ಶಾಪ ಕಳೆದರೂ ಉಡ ಉಡವಾಗಿಯೇ ಉಳಿಯಿತು, ಮಂತ್ರಿಗಿರಿ ನೋಡಿಯಾಗಿತ್ತು. ವಿಜಯೋತ್ಸವವನ್ನು ರಾಜ ತಾನೇ ಆಚರಿಸಿಕೊಂಡ.

ನೀಲವ್ವೆ ಮೂರು ವರ್ಷದಿಂದ ಹೇಳಬೇಕೆಂದುಕೊಂಡದ್ದು ಬಹಳವಿತ್ತು. ಕೇತ ಎದುರಿಗೆ ನಿಂತಾಗ ಬಾಯಿಗೆ ಬಂದದ್ದು ಒಂದೇ ಮಾತು.

"ಊಟ ಆಯ್ತಾ?"

"ಇಲ್ಲ ಕಣೇ," ಎಂದ ಕೇತ. "ನೀನು ಬರಲಿ ಅಂತಿದ್ದೆ."

ದೋಣಿ ದಡ ಸೇರಿತು. ಆಮೇಲೆ ಸುಳಿನಾಡಿನಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಉಂಡರು, ಸುಖವಾಗಿ ಬಾಳಿದರು.