ಹಸಿ ಕೋಕಿನ ದಿನ

ಅಕ್ಕಲಕೋಟದ ಬಸ್ ಸ್ಟ್ಯಾಂಡಿನಲ್ಲಿ ಪ್ರಾಜಕ್ತಾ ನಿಂತಿದ್ದಾಗ ಬೆನ್ನ ಹಿಂದೆ ಒಂದು ದನಿ.

"ಏನ್ರಿ ಲ್ಯಾಬ್ ಮ್ಯಾಡಮ್, ಇಲ್ಲಿ ಗಾಳಿ ಎಷ್ಟ ಹಸಿ ಐತಿ, ನೋಡಿದ್ರಿಲ್ಲೊ?"

ತಿರುಗುವ ಮೊದಲೇ ಗೊತ್ತಾಯಿತು. ಕುಂಭಾರಿಯ ಅಮೋಗಸಿದ್ಧ. ಸೋಲಾಪುರದ ಒಂದೇ ಫೌಂಡ್ರಿಯಲ್ಲಿ ಇಬ್ಬರೂ ದುಡಿದವರು. ಅವನು ಕಬ್ಬಿಣ ಕರಗಿಸುವ ಭಟ್ಟಿಯ ಮುಂದೆ. ಅವಳು, ಆ ಭಟ್ಟಿಗೆ ಉರುವಲಾಗಿ ಬೀಳುವ ಕೋಕ್ ಇದ್ದಿಲಿನಲ್ಲಿ ನೀರೆಷ್ಟಿದೆ ಎಂದು ನೋಡುವ ಲ್ಯಾಬಿನಲ್ಲಿ. ನಗುವಾಗ ಎಡಗಣ್ಣು ಮೊದಲು ಕಿರಿದಾಗುವ ಅದೇ ಮುಖ. ಬೆರಳಲ್ಲಿ ಮಾತ್ರ ಹೊಸ ಉಂಗುರ.

"ಸಾಕರಪುಡಾ ಆತ್ರಿ, ನಿಶ್ಚಯ," ಎಂದ ಅವಳ ನೋಟ ಹಿಡಿದು. "ಮೈಂದರ್ಗಿ ಹುಡುಗಿ, ಛಾಯಾ ಅಂತ. ಲಗ್ನದ ಸೀರಿ-ಅರಬಿ ತಗೊಳ್ಲಾಕ ಬಂದೀವಿ. ಅಕಿ ಕಬ್ಬಿನ ರಸ ತರ್ಲಾಕ ಹೋಗ್ಯಾಳ."

"ಚಂದ ಆತು ಬಿಡ್ರಿ." ಮಾತು ಬಂತು, ನಗು ಬರಲಿಲ್ಲ.

"ಸಿಟ್ಟಿಲ್ರಿ ನಂಗ. ಆದ್ರ ಅಷ್ಟ ಧೈರ್ಯಾ ಮಾಡಿ, ಅವ್ವನ್ನ ನಿಮ್ಮ ಮನಿಗಿ ಕಳಸ್ಲೇನು ಅಂತ ವಾಯ್ಸ್ ಮೆಸೇಜ್ ಹಾಕಿದ್ನಿ. ನೀವು ಒಂದ ಶಬ್ದದಾಗ ಒಲ್ಲೆ ಅಂದ್ಬಿಟ್ರಿ!"

"ನಾನು? ಯಾವಾಗ?"

ಅವನು ಮೊಬೈಲ್ ತೋರಿಸಿದ. ಇಂಗ್ಲಿಷಿನ ಮೂರೇ ಅಕ್ಷರ. ಓ, ಎಲ್, ಇ.

"ಅಯ್ಯ ದೇವ್ರ! ಇದು ಒಲ್ಲೆ ಅಲ್ರಿ, ಓಲೆ! ಮರಾಠಿ ಓಲೆ! ಸ್ಯಾಂಪಲ್ ಹಸಿ ಐತಿ ಅಂತ!"

ಆ ಮೆಸೇಜಿನ ಹಿಂದಿನ ದಿನ ಮಳೆಗೆ, ಮುಚ್ಚಿದ್ದ ತಾಡಪತ್ರಿ ಹಾರಿ ಕೋಕೆಲ್ಲ ತೊಯ್ದಿತ್ತು. ಅವನ ವಾಯ್ಸ್ ಮೆಸೇಜ್ ಬಂದದ್ದು ಅವಳಿಗೆ ಕಂಡಿತ್ತು. ಆಮೇಲೆ ಕೇಳಿದರಾಯಿತು, ಮೊದಲು ಅವನು ಕೋಕಿನ ತೂಕ ಹೆಚ್ಚಿಸಲಿ ಎಂದು ಅವಸರದಲ್ಲಿ ಅದೊಂದು ಶಬ್ದ ಒತ್ತಿದ್ದಳು. ಅವನು ಹೆಚ್ಚಿಸಲಿಲ್ಲ. ತೂಕದಲ್ಲಿ ನೀರೇ ಪಾಲು ತಿಂದಿತ್ತು; ಬೆಂಕಿ ಆ ನೀರನ್ನು ಒಣಗಿಸುತ್ತಲೇ ದಣಿಯಿತು. ಮಂದವಾಗಿ ಹರಿದ ಕಬ್ಬಿಣ ಅಚ್ಚು ತುಂಬದೆ ಅರ್ಧಕ್ಕೇ ಗಟ್ಟಿಯಾಯಿತು. ಎಲ್ಲರ ಮುಂದೆ ಬೈಸಿಕೊಂಡ ಅವನು ವಾರದೊಳಗೆ ಕೆಲಸ ಬಿಟ್ಟ.

ಅಂದು ಸಂಜೆ ಅವನ ದನಿಯನ್ನು ಅವಳು ಮತ್ತೆ ಮತ್ತೆ ಕೇಳಿದ್ದಳು. ಎದುರಿಗೇ 'ಹೂಂ' ಅನ್ನಬೇಕೆಂದು ಮರುದಿನ ಹೊಸ ಡ್ರೆಸ್ ಹಾಕಿಕೊಂಡು ಹೋದರೆ ಅವನು ಮುಖವೇ ಎತ್ತಲಿಲ್ಲ. ಕೇಳಿದವನು ಇನ್ನೊಮ್ಮೆ ಕೇಳಲಿ ಎಂದು ಇವಳೂ ಬಿಗಿದುಕೊಂಡಳು. ಒಂದು ಫೋನ್ ಮಾಡಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

"ಅಂದ್ರ, ಹಸಿ ಕೋಕಿನ ಸಲುವಾಗಿ ನಾ ಊಟಾ ಬಿಟ್ಟಿದ್ನೇನ್ರಿ?"

ಇಬ್ಬರಿಗೂ ನಗು ಬಂತು. ಕಂಡಕ್ಟರ್ ತಿರುಗಿ ನೋಡುವಷ್ಟು ನಕ್ಕರು. ಮೊದಲು ನಿಂತದ್ದು ಅವನ ನಗು.

"ಹಂಗಾದ್ರ ನನ್ನ ಮಾತಿಗಿ ಏನ್ ಅಂತಿದ್ರಿ? ಈಗರೆ ಹೇಳ್ರಿ. ನೀವು ಹೂಂ ಅಂದ್ರ ನಾ..." ಅವನ ಬೆರಳು ಉಂಗುರವನ್ನು ತಿರುವತೊಡಗಿತ್ತು.

ಆಚೆಯಿಂದ ಛಾಯಾ ಬರುತ್ತಿದ್ದಳು, ರಸ ಚೆಲ್ಲದಂತೆ ತುಟಿ ಕಚ್ಚಿಕೊಂಡು. ಅವನು ಯಾರ ಜೊತೆ ಮಾತಾಡುತ್ತಿದ್ದಾನೆಂದು ಅವಳಿಗೆ ತಿಳಿಯದು. ಆದರೂ ದೂರದಿಂದಲೇ ಕಂಡು ಮೂರನೆಯ ಗ್ಲಾಸೊಂದನ್ನು ತಂದಿದ್ದಳು.

ಪ್ರಾಜಕ್ತಾ ಅವನ ಕಣ್ಣಲ್ಲಿ ಕಣ್ಣಿಟ್ಟಳು.

"ಒಲ್ಲೆ ಅಂತಿದ್ನಿರಿ," ಎಂದಳು, ಒಂದೊಂದೇ ಅಕ್ಷರ ಬಿಡಿಸಿ. "ನಮ್ಮ ಮನ್ಯಾಗ ಬ್ಯಾರೆ ಸಂಬಂಧದ ಮಾತು ನಡದಿತ್ತು."

ನಂಬಿದನೋ ಇಲ್ಲವೋ. ಅವನ ಬೆರಳು ಉಂಗುರ ಬಿಟ್ಟಿತು. "ಆತ್ರಿ," ಎಂದ ಮೆಲ್ಲಗೆ.

ಛಾಯಾ ಗ್ಲಾಸು ಕೊಟ್ಟಳು. ಪ್ರಾಜಕ್ತಾ ಒಂದು ಗುಟುಕು ಕುಡಿದದ್ದೇ ತಡ, ಅವಳ ಮುಖ ನೋಡಿ ಹುಡುಗಿ ಗಾಬರಿಯಾದಳು. "ಅಕ್ಕಾರ, ಲಿಂಬಿ ಜಾಸ್ತಿ ಆತೇನ್ರಿ?"

"ಹೂಂ ತಂಗಿ," ಎಂದಳು ಪ್ರಾಜಕ್ತಾ. "ಲಿಂಬಿ ಜರಾ ಜಾಸ್ತಿನ ಆಗೇದ."